ಕೋಯಿ ಶಕ್?

ಆ ಬೆಳಿಗ್ಗೆ ಹಿಂದೂಪುರದ ಬೆಲ್ಲದ ಮಂಡಿಯ ಹಿಂದಿನ ಬೀದಿ ತೀರ್ಮಾನಿಸಬೇಕಾಗಿದ್ದ ವಿಷಯಗಳಲ್ಲಿ ಮೆಟಡೋರ್ ವ್ಯಾನಿನ ಮುಂದಿನ ಸೀಟಿಗಿಂತ ಗಹನವಾದದ್ದು ಇನ್ನೊಂದಿರಲಿಲ್ಲ. ಡ್ರೈವರನ ಪಕ್ಕದ ಬಾಗಿಲಿನ ಹಿಡಿಯ ಮೇಲೆ ಏಕಕಾಲಕ್ಕೆ ಎರಡು ಕೈಗಳಿದ್ದವು. ಒಂದು, ಬೀದಿಯ ಮದುವೆ ಮುಂಜಿಗಳಿಗೆಲ್ಲ ಶಾಮಿಯಾನ ಹಾಕುವ ಟೆಂಟ್ ಹೌಸ್ ಲಿಂಗಣ್ಣನದು. ಇನ್ನೊಂದು, ಹಿಂದಿನ ಸಂಜೆಯ ಬಸ್ಸಿಗೆ ಕಲ್ಯಾಣದುರ್ಗದಿಂದ ಬಂದಿಳಿದಿದ್ದ, ಸತ್ತವರ ಹೆಂಡತಿಯ ತಮ್ಮ ಮಲ್ಲಿಕಾರ್ಜುನಪ್ಪನದು. ಇಬ್ಬರೂ ಎಳೆಯುತ್ತಿರಲಿಲ್ಲ. ಬಿಡುತ್ತಲೂ ಇರಲಿಲ್ಲ.

"ಮುಂದ್ಲ ಸೀಟು ನಂದು ಕಣಪ್ಪ," ಅಂದ ಲಿಂಗಣ್ಣ. "ಅಣ್ಣನೇ ಹೇಳವ್ರೆ. ಮುಂದೆ ಕುಂತೋನು ದಾರಿ ನೋಡ್ಬೇಕು, ಗೇಟು ನೋಡ್ಬೇಕು. ಅಸಲಿಗೆ ನೀವು ಇಲ್ಲಿರಲೇಬಾರ್ದು. ನಿಮ್ ಡ್ಯೂಟಿ ಕಲ್ಯಾಣದುರ್ಗದಾಗೆ, ಗುಂಡಿ ತೋಡ್ಸೋದು."

"ಮುನೆಪ್ಪಂಗೆ ಹೇಳ್ಬುಟ್ಟು ಬಂದಿವ್ನಿ. ನಂಗೆ ಹಿಂದೆ ಕುಂತ್ರೆ ವಾಂತಿ ಬತ್ತದೆ."

"ಜೀವಮಾನ ಎಲ್ಲಾ ಲಾರಿ ಹಿಂದೆ ಕಡ್ಲೆಕಾಯಿ ಮೂಟೆ ಮ್ಯಾಲೆ ಕುಂತು ತಿರುಗ್ದೋನಿಗೆ ಇವತ್ತು ವಾಂತಿ ಬಂತಂತೆ," ಎಂದು ವ್ಯಾನಿನ ಒಳಗಿನಿಂದ ಒಂದು ಹೆಂಗಸಿನ ದನಿ ಬಂತು. ಅದು ಕರಿಬಸಮ್ಮನವರದು. ಸತ್ತವರ ಅಕ್ಕ.

ಡ್ರೈವರ್ ಮುತ್ಯಾಲಪ್ಪ ಸ್ಟಿಯರಿಂಗಿನ ಮೇಲೆ ಗಲ್ಲವಿಟ್ಟು ಕೂತಿದ್ದ. "ಏಂ ಸ್ವಾಮಿ, ಪೋದಾಮಾ ಲೇದಾ? ಎಂಡ ಎಕ್ಕುತಾಂದಿ," ಎಂದ. ಬಿಸಿಲು ನಿಜವಾಗಿಯೂ ಏರುತ್ತಿತ್ತು.

ಹವಾಲ್ದಾರ್ ಅಮರೇಶಪ್ಪನವರು ಇದಕ್ಕೆಲ್ಲ ಸಾಕ್ಷಿಯಾಗಿ ಒಳಗೆ ಕೂತಿದ್ದರು. ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತಂತೆಯೇ ಮಣ್ಣಿಗೂ ಇಳಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಎದೆಯ ಸುತ್ತ ಟೆಂಟ್ ಹೌಸಿನ ನೂಲುಹಗ್ಗ. ಕೂತದ್ದು ತಮ್ಮದೇ ಕೈಕುರ್ಚಿಯಲ್ಲಿ. ಅದು ವ್ಯಾನಿನ ಬಾಗಿಲಲ್ಲಿ ಹಿಡಿಸದ ಕಾರಣ ಕುರ್ಚಿಯ ಬಲಗಡೆಯ ಕೈಯನ್ನು ಬೆಳಿಗ್ಗೆ ಗರಗಸದಿಂದ ಕೊಯ್ಯಬೇಕಾಗಿ ಬಂದಿತ್ತು. ಹೊತ್ತಿಗೆ ಸರಿಯಾಗಿ ಗಾಡಿ ಹೊರಡದಿದ್ದಾಗ ಜೀವಂತವಿದ್ದಾಗಲೂ ಅವರ ಮುಖದಲ್ಲಿ ಇದೇ ಬಿಗುವು ಕಾಣುತ್ತಿತ್ತು.

"ಮಲ್ಲಿಕಾರ್ಜುನ, ಹಿಂದಕ್ಕೆ ಬಾ," ಅಂದರು ಕರಿಬಸಮ್ಮ. "ನಿಮ್ಮಕ್ಕ ದ್ರಾಕ್ಷಾಯಣಿ ಪಕ್ಕದಾಗೆ ಇವನ್ನ ಕೂರ್ಸಿ ಬರೋವರ್ಗೂ ಇವನ ಮಾತೇ ನಡೀಲಿ. ಆಮೇಕೆ ನಿಮ್ಮಿಷ್ಟ."

ಮಲ್ಲಿಕಾರ್ಜುನಪ್ಪನ ಕೈ ಬಾಗಿಲಿನ ಹಿಡಿಯಿಂದ ಜಾರಿತು. ಅವನು ಹಿಂದಿನಿಂದ ಹತ್ತಿ, ಉದ್ದದ ಬೆಂಚಿನ ಮೇಲೆ ಭಾವನಿಗೆ ಎದುರಾಗಿ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದ. ನಾಲ್ಕು ಗಂಟೆಗಳ ದಾರಿ. ಅಷ್ಟು ದೂರವೂ ಅವನು ಕಿಟಕಿಯನ್ನೇ ನೋಡಬೇಕಾಗಿತ್ತು.

*

ಈ ಪ್ರಯಾಣದ ಆಜ್ಞೆ ಹೊರಟದ್ದು ಹಿಂದಿನ ತಿಂಗಳ ಒಂದು ಭಾನುವಾರ, ಅದೇ ಮನೆಯ ಹಿತ್ತಲಲ್ಲಿ.

ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಏನೂ ಹೇಳದೆ ಕವರಿಗೆ ಹಾಕಿಕೊಟ್ಟ ಮೇಲೆ ಅಮರೇಶಪ್ಪನವರು ಮನೆಗೆ ಬಂದು ಪೆನ್ನಾ ಹೊಳೆಯ ಮರಳು ತರಿಸಿದರು. ಸೈನ್ಯದಲ್ಲಿ ಅವರ ಕೆಲಸ ಅದೇ ಆಗಿತ್ತು. ದಾಳಿಗೆ ಮುಂಚೆ ಅಧಿಕಾರಿಗಳು ಸುತ್ತ ನಿಂತು ನೋಡಲೆಂದು, ನಕ್ಷೆಯಲ್ಲಿರುವ ಗುಡ್ಡ, ಹಳ್ಳ, ದಾರಿಗಳನ್ನು ನೆಲದ ಮೇಲೆ ಮರಳಿನಲ್ಲಿ ಮಾಡಿ ತೋರಿಸುವುದು. ಪಿಂಚಣಿ ಪಡೆದು ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಶಾಮಿಯಾನ ಎಲ್ಲಿ, ಒಲೆ ಎಲ್ಲಿ, ಪಂಕ್ತಿ ಯಾವ ಕಡೆಯಿಂದ ಶುರು ಎಂಬುದನ್ನೆಲ್ಲ ಹಿತ್ತಲ ಮರಳಿನಲ್ಲಿ ತೋರಿಸದೆ ಅವರು ಲಿಂಗಣ್ಣನಿಗೆ ಒಂದು ಗೂಟವನ್ನೂ ಹೊಡೆಯಗೊಡುತ್ತಿರಲಿಲ್ಲ. ಬೀಗರ ಕಡೆಯವರನ್ನು ಕುಂಕುಮದಿಂದ ಗುರುತಿಸುತ್ತಿದ್ದರು. ಸೈನ್ಯದಲ್ಲಿ ಕೆಂಪು ಶತ್ರುವಿನ ಬಣ್ಣ.

ಎಲ್ಲ ಹೇಳಿ ಮುಗಿಸಿದ ಮೇಲೆ ಕೋಲನ್ನು ಕಂಕುಳಿಗೆ ಸೇರಿಸಿ, "ಕೋಯಿ ಶಕ್?" ಎನ್ನುತ್ತಿದ್ದರು. ಯಾರಿಗಾದರೂ ಏನಾದರೂ ಸಂಶಯವಿದೆಯೇ ಎಂದು ಅರ್ಥ. ಅದರ ಹಿಂದೆಯೇ ಕಾಫಿ ಬರುತ್ತಿದ್ದುದರಿಂದ, ಕೋಶಕ್ ಎಂಬುದು ಕೋಸಂಬರಿಯಂಥ ಏನೋ ತಿನ್ನುವ ಪದಾರ್ಥ ಎಂದು ಬೀದಿಯ ಮಕ್ಕಳು ಬಹಳ ಕಾಲ ನಂಬಿದ್ದರು.

ಆ ಭಾನುವಾರ ಹಿತ್ತಲಲ್ಲಿ ಕರಿಬಸಮ್ಮ, ಲಿಂಗಣ್ಣ, ಕಲ್ಯಾಣದುರ್ಗದಿಂದ ಕರೆಸಿದ ಮಲ್ಲಿಕಾರ್ಜುನಪ್ಪ ನಿಂತಿದ್ದರು. ನೆಲದ ಮೇಲೆ ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಸೀಮೆ ಹರಡಿತ್ತು. ರಂಗೋಲಿಯ ರಸ್ತೆ, ಇದ್ದಿಲ ಪುಡಿಯ ರೈಲುಹಳಿ, ಊರುಗಳಿಗೆ ಕಡಲೆಕಾಯಿ ಸಿಪ್ಪೆ. ಪೆನುಕೊಂಡೆಯ ಗುಡ್ಡಕ್ಕೆ ನಿಜವಾದ ಕಲ್ಲು. ಪಕ್ಕದ ಮನೆಯ ಕೋಳಿ ಅದರ ಮೇಲೆ ನಿಂತು ಕೆದಕುತ್ತಿತ್ತು. ದಾರಿಯ ಕೊನೆಗೆ, ಒಂದರ ಪಕ್ಕ ಒಂದು, ಎರಡು ವಿಭೂತಿ ಗಟ್ಟಿಗಳು. ಅವುಗಳಲ್ಲಿ ಒಂದರ ನೆತ್ತಿಗೆ ಕುಂಕುಮ.

"ಇತ್ತಿಲಾ," ಎಂದು ಅಮರೇಶಪ್ಪನವರು ಆರಂಭಿಸಿದರು. ಗೊತ್ತಿರುವ ಸಂಗತಿಗಳನ್ನು ಮೊದಲು ಹೇಳಬೇಕು, ಅದು ಪದ್ಧತಿ. "ಗಾಡಿ ಮುತ್ಯಾಲಪ್ಪಂದು. ದಾರಿ ಸೋಮಂದೇಪಲ್ಲಿ, ಪೆನುಕೊಂಡೆ ಮೇಲೆ. ಪಾವಗಡದ ಕಡೆ ಹೋಗ್ಬ್ಯಾಡ್ರಿ, ಸ್ಟೇಟ್ ದಾಟಿದ್ರೆ ಚೆಕ್‌ಪೋಸ್ಟ್‌ನಾಗೆ ಹೆಣಕ್ಕೆ ಕಾಗದ ಕೇಳ್ತಾರೆ. ಶತ್ರು, ರೈಲ್ವೆ ಗೇಟು." ಆಮೇಲೆ, "ಇರಾದಾ," ಎಂದರು. ಇರಾದೆಯನ್ನು, ಅಂದರೆ ಮಾಡಬೇಕಾದ ಕೆಲಸವನ್ನು, ಎರಡು ಸಲ ಹೇಳಬೇಕು, ಅದೂ ಪದ್ಧತಿ. "ಹೊತ್ತು ಮುಳುಗೋ ಮುಂಚೆ ನನ್ನನ್ನ ದ್ರಾಕ್ಷಾಯಣಿ ಬಲಕ್ಕೆ ಕೂರ್ಸೋದು. ಇನ್ನೊಂದ್ ಸಲ ಹೇಳ್ತೀನಿ. ಹೊತ್ತು ಮುಳುಗೋ ಮುಂಚೆ ನನ್ನನ್ನ ದ್ರಾಕ್ಷಾಯಣಿ ಬಲಕ್ಕೆ ಕೂರ್ಸೋದು."

ಆಮೇಲೆ ಯಾರಿಗೆ ಯಾವ ಕೆಲಸ, ಯಾರಿಗೆ ಯಾವ ಸೀಟು ಎಂಬುದೆಲ್ಲ ಬಂತು. ಕೊನೆಗೆ ಕೋಲು ಕಂಕುಳಿಗೆ ಹೋಯಿತು.

"ಕೋಯಿ ಶಕ್?"

ಒಬ್ಬೊಬ್ಬರ ಮುಖವನ್ನೂ ನೋಡಿದರು. ಲಿಂಗಣ್ಣ ಬೆನ್ನು ನೆಟ್ಟಗೆ ಮಾಡಿದ. ಕರಿಬಸಮ್ಮ ಸೆರಗು ಸರಿಮಾಡಿಕೊಂಡರು. ಮಲ್ಲಿಕಾರ್ಜುನಪ್ಪ ಒಂದರ ಪಕ್ಕ ಒಂದಿದ್ದ ಆ ಎರಡು ವಿಭೂತಿ ಗಟ್ಟಿಗಳನ್ನು ಬಹಳ ಹೊತ್ತು ನೋಡಿ, ಬಾಯಿ ತೆರೆದು, ಕೈಯಲ್ಲಿದ್ದ ಲೋಟವನ್ನು ನೋಡಿದ.

"ಕಾಫಿ ಚೆನ್ನಾಗೈತೆ ಭಾವ," ಎಂದ.

*

ರೈಲ್ವೆ ಗೇಟು ಹಾಕಿತ್ತು. ಅದು ಆಜ್ಞೆಯಲ್ಲಿ ಮೊದಲೇ ಬಂದಿದ್ದ ಸಂಗತಿಯಾದ್ದರಿಂದ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಸೋಮಂದೇಪಲ್ಲಿಯಲ್ಲಿ ಇಂಜಿನ್ನು ಕಾದು ಹೊಗೆಯಾಡಿದ್ದು ಮಾತ್ರ ಆಜ್ಞೆಯಲ್ಲಿರಲಿಲ್ಲ. ಮುತ್ಯಾಲಪ್ಪ ಬಾನೆಟ್ಟು ಎತ್ತಿ, ನೀರು ಕೇಳಲು ಟೀ ಅಂಗಡಿಗೆ ಹೋದ. ಟೀ ಕುಡಿಯುತ್ತಿದ್ದ ಇಬ್ಬರು ವ್ಯಾನಿನೊಳಗೆ ಇಣುಕಿ, ಕೂತವರಿಗೆ ನಮಸ್ಕಾರ ಮಾಡಿ, ಆಮೇಲೆ ಹಾರ ಕಂಡು ಹಿಂದೆ ಸರಿದರು.

ಕರಿಬಸಮ್ಮ ತಮ್ಮನ ಮೊಣಕಾಲ ಮೇಲಿನ ಶಾಲು ಸರಿಪಡಿಸುತ್ತ ಮಲ್ಲಿಕಾರ್ಜುನಪ್ಪನನ್ನು ಕೇಳಿದರು. "ಗುಂಡಿ ಎಷ್ಟ್ ಆಳ ಆಗೈತಂತೆ?"

"ಬೆಳಿಗ್ಗೆ ಫೋನ್ ಮಾಡಿದ್ದೆ. ಮುನೆಪ್ಪ ಮೂರು ಜನ ಕರ್ಕೊಂಡ್ ಹೋಗವ್ನೆ. ಹಾರೆ ಸನಿಕೆ ಹಿಡ್ಕೊಂಡು ನಿಂತವ್ರೆ."

"ನಿಂತವ್ರೆ ಅಂದ್ರೆ? ತೋಡ್ತಾ ಇಲ್ವಾ?"

"ಎಲ್ಲಿ ತೋಡ್ಬೇಕು ಅಂತ ಕೇಳ್ದ."

"ಎಲ್ಲಿ ಅಂತ ಏನ್ಲಾ ಕೇಳೋದು? ಅವ್ಳ ಬಲಕ್ಕೆ."

ಮಲ್ಲಿಕಾರ್ಜುನಪ್ಪ ಕಿಟಕಿಯನ್ನು ನೋಡಿದ. ಅಲ್ಲಿ ಅವನಿಗೆ ಸಹಾಯವಾಗುವಂಥದ್ದೇನೂ ಇರಲಿಲ್ಲ. ಒಂದು ಹುಣಸೆಮರ, ಒಂದು ಟೈರ್ ಅಂಗಡಿ.

"ಬಲಕ್ಕೆ ಅವ್ವ ಅವ್ಳೆ ಕಣಕ್ಕ."

"ಯಾವವ್ವ?"

"ನಮ್ಮವ್ವ. ಹೋದೊರ್ಸ ಸತ್ತಾಗ ಅಲ್ಲೇ ಮಡಗಿದ್ವಿ. ಮಗಳ ಪಕ್ಕದಾಗೇ ಇರ್ತೀನಿ ಅಂತ ಪ್ರಾಣ ಹೋಗೋವರ್ಗೂ ಅಂತಿದ್ಲು. ಎಡಕ್ಕೆ ಅಪ್ಪ ಇರೋದು ನಿಂಗೂ ಗೊತ್ತಲ್ಲ."

"ಇವಂಗೆ ಹೇಳ್ಲಿಲ್ವಾ?"

"ಆಗ ಭಾವ ಹರ್ನಿಯಾ ಆಪರೇಸನ್ ಆಗಿ ಆಸ್ಪತ್ರೇಲಿದ್ರು. ಅವ್ವ ಹೋದ್ಲು ಅಂತ ಸುದ್ದಿ ಕೊಟ್ವಿ. ಎಲ್ಲಿ ಮಡಗಿದ್ವಿ ಅಂತ ಯಾರ್ ಸುದ್ದಿ ಕೊಡ್ತಾರೆ? ಭಾವ ಕಡೇ ಸಲ ಆ ಹೊಲ ನೋಡಿದ್ದು ಅಕ್ಕನ್ನ ಮಣ್ಣು ಮಾಡ್ದಾಗ. ಆಗ ಜಾಗ ಖಾಲಿ ಇತ್ತು. ಅದ್ನೇ ತಲೇಲಿ ಮಡಿಕ್ಕೊಂಡವ್ರೆ."

ಲಿಂಗಣ್ಣ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ದಾರಿ ನೋಡುವ ಕೆಲಸ ಸದ್ಯಕ್ಕೆ ನಿಂತಿತ್ತು.

"ಆವತ್ತು ಹಿತ್ಲಾಗೆ ಕೋಯಿ ಶಕ್ ಅಂತ ಕೇಳ್ದಾಗ ನಿನ್ ಬಾಯಾಗೇನಿತ್ತು?" ಅಂದರು ಕರಿಬಸಮ್ಮ.

"ಕಾಫಿ."

ಯಾರೂ ನಗಲಿಲ್ಲ, ಅವನು ತಮಾಷೆಗೆ ಹೇಳಿರಲೂ ಇಲ್ಲ. "ಸಾಯೋ ಮನುಷ್ಯ ಕಣಕ್ಕ. ಆಟ್ ಚೆಂದಾಗಿ ಮರಳ್ನಾಗೆ ಮಾಡ್ಕೊಂಡವ್ರೆ. ಮಕ ನೋಡ್ಕೊಂಡು, ಅಲ್ಲಿ ಜಾಗ ಇಲ್ಲ ಭಾವ ಅಂತ ಹೆಂಗನ್ಲಿ? ಇವತ್ ಹೇಳಾನ, ನಾಳೆ ಹೇಳಾನ ಅಂತಿದ್ದೆ. ನಿನ್ನೆ ಸುದ್ದಿ ಬಂದ್ಬುಡ್ತು. ಅದ್ಕೇ ಗುಂಡಿ ಬುಟ್ಟು ಇಲ್ಲಿಗ್ ಓಡ್ಬಂದೆ, ನಿಂಗಾದ್ರೂ ಹೇಳಾನ ಅಂತ. ರಾತ್ರಿಯೆಲ್ಲಾ ಪಕ್ಕದಾಗೇ ಕುಂತಿದ್ದೆ. ನಾಲ್ಗೆ ಎದ್ದೇಳ್ಲಿಲ್ಲ."

"ಅಣ್ಣ ಕೇಳೋದೇ ಹಂಗೆ," ಅಂದ ಲಿಂಗಣ್ಣ ಮೆಲ್ಲಗೆ. "ಕೋಯಿ ಶಕ್ ಅಂದ್ರೆ, ಐತಾ ಅಂತ ಕೇಳ್ದಂಗಿರ್ಲಿಲ್ಲ. ಇಲ್ಲ ಅನ್ನು ಅಂತ ಹೇಳ್ದಂಗಿತ್ತು. ನಂಗೂ ಆವತ್ತೊಂದ್ ಶಕ್ ಇತ್ತು."

"ನಿಂದೇನಪ್ಪ?"

"ಕುರ್ಚಿ ಗಾಡಿ ಬಾಗ್ಲಾಗೆ ಹಿಡಿಸ್ತದಾ ಅಂತ."

ಮೂವರೂ ಕೊಯ್ದ ಕುರ್ಚಿಯ ಹಸಿ ಮರವನ್ನು ನೋಡಿದರು. ಅಮರೇಶಪ್ಪನವರ ಬಲಗೈಗೆ ಆಸರೆಯಿಲ್ಲದೆ, ಅದನ್ನು ತೊಡೆಯ ಮೇಲಿಟ್ಟು ಕಟ್ಟಲಾಗಿತ್ತು.

"ನಂಗೂ ಇತ್ತು," ಅಂದರು ಕರಿಬಸಮ್ಮ.

ಏನೆಂದು ಯಾರೂ ಕೇಳಲಿಲ್ಲ. ಅವರೇ ಸೆರಗಿನಿಂದ ತಮ್ಮನ ಗಲ್ಲದ ಮೇಲಿನ ಧೂಳು ಒರೆಸುತ್ತ ಹೇಳಿದರು. "ದ್ರಾಕ್ಷಾಯಣಿ ಒಪ್ತಾಳಾ ಅಂತ."

ಮುತ್ಯಾಲಪ್ಪ ರೇಡಿಯೇಟರಿಗೆ ನೀರು ಸುರಿದ. ಗಾಡಿ ಹೊರಟಿತು.

*

ಎಪ್ಪತ್ತೊಂದರ ಯುದ್ಧದಲ್ಲಿ, ಪಶ್ಚಿಮದ ಗಡಿಯ ಕಬ್ಬಿನ ಗದ್ದೆಯೊಂದರ ಪಕ್ಕದ ಕೊಟ್ಟಿಗೆಯಲ್ಲಿ ಬ್ರಿಗೇಡಿನ ಕಚೇರಿಯಿತ್ತು. ಕೊಟ್ಟಿಗೆಯ ನೆಲದಲ್ಲಿ ಅಮರೇಶಪ್ಪನವರು ಗುಡ್ಡಗಳನ್ನು ಮಾಡುತ್ತಿದ್ದರು. ಎತ್ತರಕ್ಕೆ ಮರಳು, ಹಳ್ಳಕ್ಕೆ ಬಟ್ಟೆಯ ನೀಲಿ, ಶತ್ರುವಿನ ಕಂದಕಕ್ಕೆ ಕೆಂಪು ಉಣ್ಣೆ. ತಾವು ಮಾಡಿದ ಒಂದು ಗುಡ್ಡವನ್ನೂ ಅವರು ಹತ್ತಿದವರಲ್ಲ, ಕಣ್ಣಾರೆ ಕಂಡವರೂ ಅಲ್ಲ.

ಒಂದು ಸಂಜೆ ಬ್ರಿಗೇಡಿಯರ್ ಸಾಹೇಬರು ಕೋಲು ಹಿಡಿದು ಮರಳಿನ ಸುತ್ತ ನಡೆದು ಆಜ್ಞೆ ಕೊಟ್ಟರು. ಯಾವ ಕಂಪನಿ ಮುಂದೆ, ಯಾವುದು ಪಕ್ಕದಿಂದ, ತೋಪುಗಳು ನಿಲ್ಲುವುದು ಯಾವಾಗ, ಕರೆ ಬರುವ ತನಕ ಹಿಂದೆ ಕಾಯುವ ರಿಜರ್ವ್ ಯಾವುದು. ಎಲ್ಲರೂ ಕೈಗಡಿಯಾರ ಒಂದು ಮಾಡಿಕೊಂಡರು. ಕೋಯಿ ಶಕ್, ಎಂದರು ಸಾಹೇಬರು. ಕೊಟ್ಟಿಗೆಯಲ್ಲಿ ಯಾರೂ ಕೆಮ್ಮಲಿಲ್ಲ.

ಎಲ್ಲರೂ ಹೋದ ಮೇಲೆ ಒಬ್ಬ ತಿರುಗಿ ಬಂದ. ಬೆಳುಗುಪ್ಪದ ಕಡೆಯ ಶ್ರೀರಾಮುಲು, ವೈರ್‌ಲೆಸ್ ಪೆಟ್ಟಿಗೆ ಹೊರುವವನು. ಅಮರೇಶಪ್ಪನವರು ಕನ್ನಡದಲ್ಲಿ, ಅವನು ತೆಲುಗಿನಲ್ಲಿ, ಇಬ್ಬರೂ ಊರಿನ ಕಡಲೆಕಾಯಿಯ ವಿಷಯ ಮಾತಾಡುವುದಿತ್ತು. ಅವನು ಮರಳಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೀಲಿ ಗೆರೆಯ ಮೇಲೆ ಬೆರಳಿಟ್ಟ.

"ಅನ್ನಾ, ಈ ವಂಕ ದಾಟಿನಂಕ ಎಡಮಕಾ, ಕುಡಿಕಾ?"

ಹಳ್ಳ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಎಂದು ಅವನು ಕೇಳುತ್ತಿದ್ದ.

"ಸಾಹೇಬ್ರು ಕೇಳ್ದಾಗ್ಲೇ ಕೇಳೋದಲ್ವೇನಪ್ಪ?"

"ಅಂದರಿ ಮುಂದರ ಸಿಗ್ಗಾಯ ಅನ್ನಾ," ಎಂದ ಶ್ರೀರಾಮುಲು. ಅಷ್ಟು ಜನರ ಮುಂದೆ ನಾಚಿಕೆಯಾಯಿತಂತೆ.

ಗುಡ್ಡ ಮಾಡುವುದು ಹವಾಲ್ದಾರರ ಕೆಲಸ. ಅದನ್ನು ಹತ್ತುವುದು ಹೇಗೆಂದು ಹೇಳುವುದು ಅವರ ಕೆಲಸವಲ್ಲ. ನಿನ್ನ ಸುಬೇದಾರರನ್ನು ಕೇಳು ಎಂದರು. ಅವನು ತಲೆಯಾಡಿಸಿ ಎದ್ದು ಹೋದ. ಸುಬೇದಾರರನ್ನೂ ಕೇಳಲು ಅವನಿಗೆ ನಾಚಿಕೆಯಾಗಿರಬೇಕು.

ಗುಡ್ಡ ಕೈಗೆ ಬಂತು. ಶ್ರೀರಾಮುಲು ತಿರುಗಿ ಬರಲಿಲ್ಲ. ಹಳ್ಳ ದಾಟಿ ಎಡಕ್ಕೆ ಹೋಗಿದ್ದನಂತೆ. ಬೆಳಿಗ್ಗೆ ಅಮರೇಶಪ್ಪನವರು ಗುಡ್ಡವನ್ನು ಸನಿಕೆಯಿಂದ ಸಮ ಮಾಡಿ, ಉಣ್ಣೆ ಆರಿಸಿ ತೆಗೆದು, ಮರಳು ಜರಡಿ ಹಿಡಿದು ಮುಂದಿನ ಗುಡ್ಡಕ್ಕೆ ಸಿದ್ಧ ಮಾಡಿಟ್ಟರು.

ಆಮೇಲೆ ಇನ್ನಾರೂ ಸಂಶಯ ಹೊತ್ತುಕೊಂಡು ಹೋಗಬಾರದೆಂದು, ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ಕೇಳುವುದನ್ನು ಅವರು ರೂಢಿ ಮಾಡಿಕೊಂಡರು. ಊರಿನಲ್ಲಿ ಆ ದಿಟ್ಟಿಗೆ ಹೆದರಿ ಜನ ತಮ್ಮ ತಮ್ಮ ಸಂಶಯಗಳನ್ನು ಕಾಫಿಯ ಜೊತೆ ನುಂಗಿಕೊಂಡರು.

*

ಇಂಜಿನ್ನು ದಾರಿಯಲ್ಲಿ ಮತ್ತೆರಡು ಸಲ ಕಾದು ನಿಂತು, ಕಲ್ಯಾಣದುರ್ಗ ಮುಟ್ಟುವಾಗ ಬಿಸಿಲು ಹಳದಿಗೆ ತಿರುಗಿತ್ತು. ಊರ ಹೊರಗೆ ಮಲ್ಲಿಕಾರ್ಜುನಪ್ಪನ ಕಡಲೆಕಾಯಿ ಹೊಲ. ಅದರ ಮೂಲೆಯಲ್ಲಿ ಎರಡು ಬೇವಿನಮರ. ಮರದ ಕೆಳಗೆ ಸಿಮೆಂಟು ಬಳಿದ ಮೂರು ಕಟ್ಟೆಗಳು ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿದ್ದವು. ಅಪ್ಪ, ನಡುವೆ ಮಗಳು ದ್ರಾಕ್ಷಾಯಣಿ, ಅವಳ ಬಲಕ್ಕೆ ಅವ್ವ. ಅವ್ವನ ಕಟ್ಟೆಯ ಸಿಮೆಂಟು ಇನ್ನೂ ಹೊಸದು.

ಮುನೆಪ್ಪ ಮತ್ತು ಅವನ ಮೂವರು ಬೀಡಿ ಎಸೆದು ಎದ್ದು ನಿಂತರು. ಹಾರೆಗಳು ಬೇವಿನಮರಕ್ಕೆ ಒರಗಿದ್ದವು. ನೆಲದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ.

"ಬೆಳಿಗ್ಗೆಯಿಂದ ಹಿಂಗೇ ನಿಂತಿದೀರೇನ್ರಲಾ?" ಅಂದ ಲಿಂಗಣ್ಣ.

"ಎಲ್ಲಿ ಅಂತ ಹೇಳ್ಬೇಕಲ್ಲ ಸ್ವಾಮಿ. ತಪ್ಪು ಜಾಗದಾಗೆ ತೋಡಿ ಮುಚ್ಚಿದ್ರೆ, ಆ ಗುಂಡಿ ಇನ್ನೊಬ್ರನ್ನ ಕೇಳ್ತದೆ."

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಸೂರ್ಯನನ್ನೊಮ್ಮೆ, ನೆಲವನ್ನೊಮ್ಮೆ ನೋಡಿದರು. "ಮುಳುಗಿದ ಮೇಲೆ ನಾನು ಕೈ ಹಾಕೋದಿಲ್ಲ ಕಣಮ್ಮ. ಬೇಗ ಏನಾದ್ರೂ ನಿಕ್ಕಿ ಮಾಡಿ."

ಲಿಂಗಣ್ಣ ಕಟ್ಟೆಗಳ ಸುತ್ತ ನಡೆದು, ಶಾಮಿಯಾನಕ್ಕೆ ಜಾಗ ನೋಡುವವನಂತೆ ತಲೆ ಓರೆ ಮಾಡಿದ. "ಇವರಿಬ್ರ ನಡುವೆ ಒಂದೀಟು ಸಂದೈತಲ್ಲ?"

"ಅದು ನೀರು ಹರ್ಯಾಕೆ ಬುಟ್ಟಿರೋದು," ಅಂದ ಮಲ್ಲಿಕಾರ್ಜುನಪ್ಪ. "ಅಲ್ಲಿ ಮೊಣಕಾಲೂ ಹಿಡಿಸಲ್ಲ."

"ಮುಂದೆ?"

"ಮುಂದೆ ಬಂಡೆ ಸ್ವಾಮಿ," ಅಂದ ಮುನೆಪ್ಪ. "ಹಾರೆ ಹಾಕಿದ್ರೆ ಕಿಡಿ ಬತ್ತದೆ."

"ಅವ್ವನ ಆಚೆ ಪಕ್ಕಕ್ಕೆ?"

"ಅಳಿಯನ್ನ ಅತ್ತೆ ಪಕ್ಕದಾಗೆ ಕೂರ್ಸ್ತೀರಾ?" ಎಂದರು ಅಯ್ಯನವರು. ಆ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿತ್ತೋ ಇಲ್ಲವೋ, ಸೇರಿದ್ದವರ ಮುಖದಲ್ಲಿತ್ತು.

ಎಲ್ಲರೂ ಕರಿಬಸಮ್ಮನವರನ್ನು ನೋಡಿದರು. ಅವರು ಕೈ ಮುಗಿದು ಅವ್ವನ ಕಟ್ಟೆಯ ಮುಂದೆ ನಿಂತಿದ್ದರು. ದೇವರಿಗೆ ಮುಗಿದಂತಿರಲಿಲ್ಲ, ಬಸ್ಸಿನಲ್ಲಿ ಸ್ವಲ್ಪ ಸರಿದು ಕೂತ್ಕೊಳ್ಳಮ್ಮ ಎಂದು ಕೇಳುವವರಂತೆ ಇತ್ತು. ಅವ್ವ ಸರಿಯುವ ಹಾಗಿರಲಿಲ್ಲ.

"ಎರಡ್ ಸಲ ಹೇಳ್ದ ಕಣೋ ಮಲ್ಲಿಕಾರ್ಜುನ," ಅಂದರು. "ಅವ್ಳ ಬಲಕ್ಕೆ ಅಂತ. ನನ್ನ ಮಕ ನೋಡ್ಕೊಂಡು ಎರಡ್ ಸಲ ಹೇಳ್ದ."

ಮಲ್ಲಿಕಾರ್ಜುನಪ್ಪ ಒಂದು ಕಡಲೆ ಗಿಡವನ್ನು ಕಿತ್ತು, ಅದರ ಬೇರಿನ ಮಣ್ಣು ಕೊಡವುತ್ತ ನಿಂತ.

"ಹಿಂದೆ ಹೆಂಗೈತೆ ನೆಲ?" ಎಂದರು ಕರಿಬಸಮ್ಮ ಕೊನೆಗೆ.

"ಹಿಂದೆ ಮೆತ್ತಗೈತೆ ಕಣಮ್ಮ," ಅಂದ ಮುನೆಪ್ಪ. "ಬೆಣ್ಣೆ ಇದ್ದಂಗೈತೆ."

"ಹಂಗಾರೆ ಹಿಂದೆ ತೋಡಿ."

*

ಪಿಂಚಣಿ ಪಡೆದು ಬಂದು ಹಿಂದೂಪುರದಲ್ಲಿ ಮನೆ ಕಟ್ಟಿಸಿದಾಗ ಅಮರೇಶಪ್ಪನವರು ಮೊದಲ ಆಜ್ಞೆ ಕೊಟ್ಟದ್ದು ಗೃಹಪ್ರವೇಶಕ್ಕೆ. ಹಿತ್ತಲಲ್ಲಿ ಮರಳಿನ ಮನೆ ಎದ್ದಿತು. ಹಸು ಕರೆತರುವವರಾರು, ನೀರಿಗೆ ಯಾರು, ಬಂದವರ ಚಪ್ಪಲಿ ಕಾಯಲು ಯಾರು, ಎಲ್ಲವೂ ಗೊತ್ತಾಯಿತು. ಕೋಯಿ ಶಕ್ ಆಯಿತು, ಕಾಫಿಯಾಯಿತು, ಜನ ಹೋದರು.

ದ್ರಾಕ್ಷಾಯಣಮ್ಮ ಲೋಟಗಳನ್ನು ಎತ್ತುತ್ತ ಕೇಳಿದರು. "ಎಲ್ರಿಗೂ ಒಂದೊಂದ್ ಕೆಲ್ಸ ಕೊಟ್ರಿ. ನಾನೆಲ್ಲಿರ್ಬೇಕು ಅಂತ ಹೇಳ್ಲೇ ಇಲ್ಲ."

ಗಂಡ ಕೇಳಿದ ಆ ಪ್ರಶ್ನೆಗೆ ಬಂದ ಮೊದಲ ನಿಜವಾದ ಶಕ್ ಅದು. ಅಮರೇಶಪ್ಪನವರಿಗೆ ಸಂತೋಷವೇ ಆಯಿತು. ಮರಳಿನ ಮನೆಯ ಹಿಂದೆ, ಒಂದು ಮೂಲೆಯಲ್ಲಿ, ಕೋಲಿನ ತುದಿಯಿಂದ ಸಣ್ಣ ಸುತ್ತು ಬರೆದು ತೋರಿಸಿದರು.

"ನೀನು ರಿಜರ್ವ್."

"ಹಂಗಂದ್ರೆ?"

"ಅದು ಬಹಳ ಮುಖ್ಯವಾದ ಜಾಗ. ಹಿಂದೆ ಇರ್ಬೇಕು. ಕರೆಯೋವರ್ಗೂ ಕಾಯ್ಬೇಕು. ಎಲ್ಲಿ ಕೆಟ್ಟುಹೋದ್ರೆ ಅಲ್ಲಿಗೆ ಬರ್ಬೇಕು."

ದ್ರಾಕ್ಷಾಯಣಮ್ಮ ಆ ಸುತ್ತನ್ನು ನೋಡಿ, ಆಯ್ತು ಎಂದರು. ಗೃಹಪ್ರವೇಶದಲ್ಲಿ ಏನೂ ಕೆಡಲಿಲ್ಲ. ಆಮೇಲಿನ ವರ್ಷಗಳಲ್ಲೂ ಏನೂ ಕೆಡದ ಹಾಗೆ ಅಮರೇಶಪ್ಪನವರು ನೋಡಿಕೊಂಡರು. ಸೌದೆ, ಸಂತೆ, ಸೋದರತ್ತೆಯ ತಿಥಿ, ಎಲ್ಲಕ್ಕೂ ಅವರ ಬಳಿ ಜನರಿದ್ದರು. ಮಕ್ಕಳಾಗಲಿಲ್ಲ, ಅದಕ್ಕೊಂದು ಆಜ್ಞೆ ಹೊರಡಿಸುವುದು ಅವರಿಂದಲೂ ಆಗುವಂತಿರಲಿಲ್ಲ. ಕರೆಯುವ ಪ್ರಸಂಗವೇ ಬಾರದೆ ದ್ರಾಕ್ಷಾಯಣಮ್ಮ ಅಡುಗೆಮನೆಯ ಹೊಸಿಲ ಮೇಲೆ ಕೂತು, ಹಿತ್ತಲಲ್ಲಿ ಗಂಡ ಊರಿನವರ ಮದುವೆಗಳನ್ನು ಮರಳಿನಲ್ಲಿ ಮಾಡುವುದನ್ನು ನೋಡುತ್ತಿದ್ದರು.

ಒಂದು ದಿನ ಅವ್ವನಿಗೆ ಹುಷಾರಿಲ್ಲವೆಂದು ಕಲ್ಯಾಣದುರ್ಗಕ್ಕೆ ಹೊರಟರು. ಬಸ್ಸು ಹತ್ತುವಾಗ, "ಕರೆದ್ರೆ ಬತ್ತೀನಿ," ಅಂದರು.

ಅವ್ವನಿಗೆ ವಾಸಿಯಾಯಿತು. ಮಗಳು ಅಲ್ಲೇ ಉಳಿದರು. ಯಾವಾಗ ಹೋಗ್ತೀಯ ಎಂದು ತಮ್ಮ ಕೇಳಿದರೆ, "ನಾನು ರಿಜರ್ವ್ ಕಣೋ," ಎಂದು ನಗುತ್ತಿದ್ದರು. ಮಲ್ಲಿಕಾರ್ಜುನಪ್ಪ ಅದನ್ನು ಬಸ್ಸಿನ ರಿಜರ್ವೇಷನ್ನಿನ ವಿಷಯವೆಂದು ತಿಳಿದು, ಭಾವ ಸೀಟು ಹಿಡಿಸಿಕೊಟ್ಟ ಮೇಲೆ ಹೊರಡುತ್ತಾಳೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಹಿಂದೂಪುರದ ಹಿತ್ತಲಲ್ಲಿ ಕಲ್ಯಾಣದುರ್ಗದ ದಾರಿ ಮರಳಿನಲ್ಲಿ ಮೊದಲ ಸಲ ಎದ್ದದ್ದು ಆಗಲೇ. ಕರಿಬಸಮ್ಮ ಕಂಡಿದ್ದರು. ರಂಗೋಲಿಯ ರಸ್ತೆ, ಸಿಪ್ಪೆಯ ಊರುಗಳು, ಕೊನೆಯಲ್ಲಿ ಕುಂಕುಮದ ಚುಕ್ಕೆಯಿಟ್ಟ ಒಂದೇ ಒಂದು ವಿಭೂತಿ ಗಟ್ಟಿ. ಏನಪ್ಪ ಇದು, ಎಂದರೆ ಹೆಂಡತಿಯನ್ನು ಕರೆತರುವ ಆಲೋಚನೆ ಎಂದರು. ಯುಗಾದಿಗೆ ಹೊರಡುವುದೆಂದಿತ್ತು. ಯುಗಾದಿಗೆ ಬಿಸಿಲು. ಶ್ರಾವಣಕ್ಕೆ ಮದುವೆಗಳು. ದೀಪಾವಳಿಗೆ ಹೋದರೆ ಮಾವನ ಮನೆಯವರು ಉಡುಗೊರೆಗೆ ಬಂದನೆಂದುಕೊಂಡಾರು. ಮಳೆ ಬಂದಾಗಲೆಲ್ಲ ದಾರಿ ಕರಗುತ್ತಿತ್ತು. ಅವರು ಮತ್ತೆ ಮಾಡುತ್ತಿದ್ದರು. ಹೊರಡಲು ತಕ್ಕ ಸಮಯ ಮಾತ್ರ ಕೂಡಿಬರಲಿಲ್ಲ. ಒಂದು ಸಾಲು ಕಾಗದ ಹಾಕಿದ್ದರೂ ದ್ರಾಕ್ಷಾಯಣಮ್ಮ ಬರುತ್ತಿದ್ದರು ಎಂದು ಕರಿಬಸಮ್ಮನವರಿಗೆ ಅನ್ನಿಸಿತ್ತು. ಅವರೂ ಹೇಳಲಿಲ್ಲ.

ಕಾಗದ ಬಂದದ್ದು ಕಲ್ಯಾಣದುರ್ಗದಿಂದ. ಜ್ವರ, ಎಂದಿತ್ತು. ಅಮರೇಶಪ್ಪನವರು ಆ ದಿನ ಯಾವ ಮರಳೂ ಇಲ್ಲದೆ ಸಿಕ್ಕಿದ ಬಸ್ಸು ಹತ್ತಿ ಹೋಗಿ, ಮಣ್ಣು ಮಾಡುವ ಹೊತ್ತಿಗೆ ಮಾತ್ರ ಮುಟ್ಟಿದರು.

*

ಮುನೆಪ್ಪ ಹೇಳಿದ್ದು ಸುಳ್ಳಲ್ಲ, ಹಿಂದಿನ ನೆಲ ಬೆಣ್ಣೆಯಂತಿತ್ತು. ಸೂರ್ಯ ಬೇವಿನಮರದ ಕೆಳಕೊಂಬೆಗೆ ಇಳಿಯುವುದರೊಳಗೆ ಗುಂಡಿಯಾಯಿತು. ಹಗ್ಗ ಬಿಚ್ಚಿ, ನಾಲ್ವರು ಅಮರೇಶಪ್ಪನವರನ್ನು ಕುರ್ಚಿಯಿಂದ ಎತ್ತಿದರು. ಅಯ್ಯನವರು ಬಿಲ್ವಪತ್ರೆ, ವಿಭೂತಿ ತೆಗೆದಿಟ್ಟುಕೊಂಡರು.

ಮಣ್ಣು ಹಾಕುವ ಮುಂಚೆ ಕೇಳಬೇಕೆಂದು ಆಜ್ಞೆಯಲ್ಲಿತ್ತು, ಕೇಳಬೇಕಾದವನು ಲಿಂಗಣ್ಣ. ಅವನು ಗುಂಡಿಯ ಅಂಚಿಗೆ ಬಂದು, ಕಂಕುಳಲ್ಲಿ ಕೋಲಿಲ್ಲದ್ದಕ್ಕೆ ಕೈಯನ್ನು ಏನು ಮಾಡಬೇಕೋ ತಿಳಿಯದೆ ಬೆನ್ನಿಗೆ ಕಟ್ಟಿಕೊಂಡ.

"ಕೋಯಿ ಶಕ್?" ಎಂದ. ಅವನು ಕೇಳಿದ್ದು ಬಹಳ ಮೆತ್ತಗೆ.

"ಒಂದೈತೆ ಸ್ವಾಮಿ," ಅಂದ ಗುಂಡಿಯೊಳಗಿದ್ದ ಮುನೆಪ್ಪ, ಅಮರೇಶಪ್ಪನವರ ಭುಜ ಹಿಡಿದುಕೊಂಡೇ. "ಮಕ ಯಾವ್ ಕಡೆಗೆ?"

ಅದು ಆಜ್ಞೆಯಲ್ಲಿರಲಿಲ್ಲ. ಪಕ್ಕದಲ್ಲಿ ಕೂರುವವರಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಅಯ್ಯನವರು ಮುಂದಿನ ಮೂರು ಕಟ್ಟೆಗಳನ್ನು ತೋರಿಸಿ, ಎಲ್ಲರಂತೆ ಪೂರ್ವಕ್ಕೆ, ಎಂದರು.

ಮುನೆಪ್ಪ ಅವರನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದ. ಎದುರಿಗೆ, ನಾಲ್ಕು ಹೆಜ್ಜೆ ಮುಂದೆ, ದ್ರಾಕ್ಷಾಯಣಮ್ಮನವರ ಕಟ್ಟೆಯ ಬೆನ್ನಿತ್ತು.

ಕರಿಬಸಮ್ಮ ಮೊದಲ ಹಿಡಿ ಮಣ್ಣು ಹಾಕಿದರು. ಆಮೇಲೆ ಮುಂದಿನ ಸಾಲಿಗೆ ಹೋಗಿ, ದ್ರಾಕ್ಷಾಯಣಿಯ ಕಟ್ಟೆಯ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಕೈಯಿಂದ ಗುಡಿಸಿ, ಬಗ್ಗಿ ಏನೋ ಹೇಳಿದರು. ಎರಡು ಸಲ ಹೇಳಿದರು.

ಮಲ್ಲಿಕಾರ್ಜುನಪ್ಪ ಊರಿನಲ್ಲೇ ಉಳಿದ. ಒಂದು ಕೈಯ ಕುರ್ಚಿಯನ್ನು ವ್ಯಾನಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಅದು ಹೊಸ ಮಣ್ಣಿನ ಪಕ್ಕದಲ್ಲೇ, ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಲಿಂಗಣ್ಣ ಹಿಂದಿನ ಬಾಗಿಲಿನಿಂದ ಹತ್ತಿ ಕರಿಬಸಮ್ಮನವರ ಎದುರು ಬೆಂಚಿನ ಮೇಲೆ ಕೂತ. "ಮುಂದರ ಎವರೂ ಲೇರಾ?" ಎಂದು ಮುತ್ಯಾಲಪ್ಪ ಕೇಳಿದ. ಮುಂದೆ ಯಾರೂ ಕೂರಲಿಲ್ಲ.

ಹೊತ್ತು ಮುಳುಗುವ ಮುಂಚೆ ಕೆಲಸ ಮುಗಿದಿತ್ತು. ಮುಂದಿನ ಸಾಲಿನಲ್ಲಿ ಮೂವರು, ಹಿಂದೆ ಒಬ್ಬರು.